ಇಪ್ಪತ್ತು ಕೂಡಿಸಿ ಬರೆದವರು

ಹಲವಾಗಲಿನಲ್ಲಿ ಸುಂಕಪ್ಪ ಎಂಬ ಹೆಸರಿನವರು ಏಳೆಂಟು ಮಂದಿ ಇದ್ದಾರೆ. ಆದರೆ ಗೇಜ್ ಸುಂಕಪ್ಪ ಎಲ್ಲಿ ಎಂದು ಕೇಳಿದರೆ ಊರವರು ಓಣಿಯ ಕಡೆ ಕೈ ತೋರಿಸದೆ ಸೀದಾ ಹೊಳೆಯ ಕಡೆ ತೋರಿಸುತ್ತಿದ್ದರು. ಮನೆಯಲ್ಲಿ ಸಿಗುವ ಆಸಾಮಿ ಅವರಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅಂಥ ಮನುಷ್ಯನನ್ನು ನಾನು ನೂರಾ ಎಂಬತ್ತು ಮಂದಿಯ ಮುಂದೆ, ಮೈಕು ಹಿಡಿದು, ಮನೆಯಲ್ಲಿ ಕೂತು ಅಂಕಿ ಬರೆದವರು ಅಂದೆ. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲು ಹೊರಟು ವರ್ಷದ ಮೇಲಾಯಿತು.

ನನ್ನ ಹೆಸರು ಅರ್ಚನಾ, ಊರು ಕೊಟ್ಟೂರು. ಹರಪನಹಳ್ಳಿಯಲ್ಲಿ, ನದಿಯ ನೀರಿನ ಮಟ್ಟ ಅಳೆಯುವ ಕಚೇರಿಯೊಂದರಲ್ಲಿ ಸಹಾಯಕ ಎಂಜಿನಿಯರ್. ಸುಂಕಪ್ಪನವರು ಅದೇ ಕಚೇರಿಯ ಗೇಜ್ ರೀಡರ್ ಆಗಿದ್ದರು. ಅಂದರೆ ದಿನಾ ಬೆಳಿಗ್ಗೆ ಎಂಟಕ್ಕೆ ತುಂಗಭದ್ರೆಯ ದಡಕ್ಕೆ ಹೋಗುವುದು, ಅಲ್ಲಿ ನೆಟ್ಟಿರುವ ಅಳತೆ ಕಂಬದ ಮೇಲೆ ನೀರು ಎಷ್ಟಕ್ಕೆ ಮುಟ್ಟಿದೆ ಎಂದು ಓದುವುದು, ಪುಸ್ತಕದಲ್ಲಿ ಬರೆಯುವುದು, ಕಚೇರಿಗೆ ಫೋನಿನಲ್ಲಿ ಹೇಳುವುದು. ಕೇಳಿದರೆ ಐದು ನಿಮಿಷದ ಕೆಲಸ. ಮೂವತ್ತೊಂದು ವರ್ಷ ದಿನಾ ಮಾಡಿ ನೋಡಿದರೆ ಗೊತ್ತಾಗುತ್ತದೆ. ಆ ಮೂವತ್ತೊಂದು ವರ್ಷವೂ ಅವರು ದಿನಗೂಲಿ ನೌಕರರೇ. ಖಾಯಂ ಮಾಡುತ್ತೇವೆ ಎಂದು ಹೇಳಿದ ಸಾಹೇಬರುಗಳೆಲ್ಲ ತಾವು ಮಾತ್ರ ಖಾಯಂ ಆಗಿಯೇ ನಿವೃತ್ತರಾದರು.

ಅವರ ಹೆಂಡತಿ ಮಾಳಮ್ಮ ತಮಾಷೆಯ ಹೆಂಗಸು. ಮದುವೆಯ ದಿನ ಬೆಳಿಗ್ಗೆ ಎಂಟಕ್ಕೆ ಮದುಮಗ ಕಾಣೆಯಾಗಿದ್ದರಂತೆ. ಹುಡುಕಿದರೆ ಅರಿಶಿಣದ ಬಟ್ಟೆಯಲ್ಲೇ ಮೊಣಕಾಲುದ್ದ ನೀರಿನಲ್ಲಿ ನಿಂತು ಕಂಬ ಓದುತ್ತಿದ್ದರಂತೆ. "ನನಗಿಂತ ಮೊದ್ಲ ಆ ಕಂಬಕ್ಕ ತಾಳಿ ಕಟ್ಟ್ಯಾನ ನೋಡ್ರಿ. ಹಿರೇ ಹೆಂಡ್ತಿ ಆಕಿ, ನಾ ಕಿರೇಕಿ" ಎಂದು ಮಾಳಮ್ಮ ನನಗೆ ಹೇಳಿದರು. ಹಿರಿಯ ಹೆಂಡತಿಗೆ ಉಪಚಾರವೂ ಇತ್ತು. ಎಂಟು ದಿನಕ್ಕೊಮ್ಮೆ ತೆಂಗಿನ ನಾರು, ಬೂದಿ ಹಿಡಿದುಕೊಂಡು ಹೋಗಿ ಕಂಬದ ಪಾಚಿಯನ್ನು ಪಾತ್ರೆ ತಿಕ್ಕಿದ ಹಾಗೆ ತಿಕ್ಕಿ ಬರುತ್ತಿದ್ದರು. ಹಾಗೆ ಮಾಡಬೇಕೆಂದು ಯಾವ ಆದೇಶದಲ್ಲೂ ಇಲ್ಲ. ಪಾಚಿ ಹಿಡಿದ ಗೆರೆ ಓದಿದರೆ ಒಂದು ಬೆರಳು ಆಚೀಚೆ ಆಗುತ್ತದೆ ಎಂಬುದು ಅವರ ಅಂಬೋಣ.

ಅವರ ಕೆಲಸದ ಹದಿಮೂರನೇ ವರ್ಷ ದೊಡ್ಡ ನೆರೆ ಬಂದು ಕಂಬ ಕಿತ್ತುಕೊಂಡು ಹೋಯಿತು. ದಡದ ಮೇಲೆ ಎತ್ತರ ತಾಳೆ ನೋಡಲು ಇಟ್ಟಿದ್ದ ಗುರುತಿನ ಕಲ್ಲೂ ಕಂಬದ ಜೊತೆಗೇ ಹೋಯಿತು. ನೀರು ಇಳಿದ ಮೇಲೆ ಗುತ್ತಿಗೆದಾರ ಬಂದು ಸಿಮೆಂಟಿನ ಹೊಸ ಬುನಾದಿ ಹಾಕಿ ಹೊಸ ಕಂಬ ನಿಲ್ಲಿಸಿದ. ಎಲ್ಲರೂ ಕೈ ತೊಳೆದುಕೊಂಡರು. ಸುಂಕಪ್ಪನವರಿಗೆ ಮಾತ್ರ ಅನುಮಾನ.

ಕಂಬದಿಂದ ಹತ್ತು ಮಾರು ದೂರದಲ್ಲಿ ನೀರಿನೊಳಗೆ ಒಂದು ಕರಿ ಬಂಡೆ ಇದೆ. ಮಲಗಿದ ಕೋಣದ ಹಾಗೆ ಕಾಣುತ್ತದೆಂದು ಊರವರು ಅದನ್ನು ಕೋಣಬಂಡೆ ಅನ್ನುತ್ತಾರೆ. ಹಳೆಯ ಕಂಬ ನಾಲ್ಕು ಮೀಟರ್ ಇಪ್ಪತ್ತು ತೋರಿಸಿದಾಗ ಆ ಕೋಣದ ಬೆನ್ನು ಸರಿಯಾಗಿ ಮುಳುಗುತ್ತಿತ್ತು. ಹೊಸ ಕಂಬ ಬಂದ ಮೇಲೆ ಬೆನ್ನು ಮುಳುಗಿದಾಗ ನೋಡಿದರೆ ಬರೀ ನಾಲ್ಕು. ಬಂಡೆ ಎದ್ದು ನಡೆಯುವುದಿಲ್ಲ. ಹಾಗಾದರೆ ಗುತ್ತಿಗೆದಾರ ಕಂಬವನ್ನು ಇಪ್ಪತ್ತು ಸೆಂಟಿಮೀಟರ್, ಗಿಡ್ಡ ಕೈಯ ಒಂದು ಗೇಣು, ಮೇಲೆ ನಿಲ್ಲಿಸಿದ್ದಾನೆ.

ಸುಂಕಪ್ಪನವರು ಬಸ್ಸು ಹತ್ತಿ ಹೋಗಿ ಆಗಿನ ಸಾಹೇಬರಿಗೆ ಹೇಳಿದರು. ಸಾಹೇಬರು ಒಳ್ಳೆಯವರೇ. ಕಂಬ ಮತ್ತೆ ನಿಲ್ಲಿಸೋಣ, ಅಲ್ಲಿಯವರೆಗೆ ಓದಿದ್ದಕ್ಕೆ ಇಪ್ಪತ್ತು ಕೂಡಿಸಿ ಬರಿ ಅಂದರು. ಬಾಯಿಮಾತು. ಆ ಸಾಹೇಬರು ಮಳೆಗಾಲಕ್ಕೆ ಮುಂಚೆ ವರ್ಗವಾದರು, ಮುಂದೆ ತೀರಿಯೂ ಹೋದರು. ಕಂಬ ಅಲ್ಲೇ ಉಳಿಯಿತು. ಸುಂಕಪ್ಪನವರು ಹದಿನೆಂಟು ವರ್ಷ, ಹತ್ತಿರ ಹತ್ತಿರ ಆರೂವರೆ ಸಾವಿರ ಬೆಳಗು, ಕಂಬ ಓದಿ ಮನಸ್ಸಿನಲ್ಲೇ ಇಪ್ಪತ್ತು ಕೂಡಿಸಿ ಬರೆದರು. ಒಂದು ದಿನವೂ ಮರೆಯಲಿಲ್ಲ. ಯಾಕೆ ಕೂಡಿಸುತ್ತೀಯ ಎಂದು ಕಚೇರಿಯಿಂದ ಒಬ್ಬರೂ ಕೇಳಲಿಲ್ಲ.

ಇದಿಷ್ಟೂ ನನಗೆ ಆಮೇಲೆ ಗೊತ್ತಾದದ್ದು.

ಮೂರು ವರ್ಷದ ಹಿಂದೆ ಅಲ್ಲಿಗೆ ಯಂತ್ರ ಬಂತು. ಸೋಲಾರ್ ಫಲಕ, ಸೆನ್ಸರ್, ಹದಿನೈದು ನಿಮಿಷಕ್ಕೊಮ್ಮೆ ಅಂಕಿ ತಾನಾಗಿಯೇ ಕಚೇರಿಗೆ. ಅದನ್ನು ಅಳವಡಿಸಲು ಬಂದವರು ಕಂಬ ಏನು ತೋರಿಸುತ್ತದೋ ಅದಕ್ಕೇ ಯಂತ್ರವನ್ನು ಹೊಂದಿಸಿದರು. ಸುಂಕಪ್ಪನವರು ಅವರ ಹಿಂದೆ ಮುಂದೆ ಓಡಾಡಿ ಇಪ್ಪತ್ತರ ವಿಷಯ ಹೇಳಿದರಂತೆ. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಮರುದಿನದಿಂದ ಕೆಲಸವಿಲ್ಲ ಎಂದು ಹೇಳಲು ಮಾತ್ರ ಕಚೇರಿಯಿಂದ ಕನ್ನಡ ಬರುವವರೊಬ್ಬರು ಬಂದರು.

ಕಳೆದ ವರ್ಷ ಫೆಬ್ರುವರಿಯಲ್ಲಿ ನದಿಯ ಕೆಲಸ ಮಾಡುವವರನ್ನೆಲ್ಲ ಒಂದು ಕಡೆ ಸೇರಿಸಬೇಕೆಂದು ನಮ್ಮ ಕಚೇರಿ ಹೊರಟಿತು. ಎಂಜಿನಿಯರರು, ಕಾಲುವೆಯವರು, ಕೆರೆ ಸಂಘದವರು, ಅಧ್ಯಾಪಕರು ಸೇರಿ ಒಬ್ಬರಿಗೆ ಗೊತ್ತಿರುವುದನ್ನು ಇನ್ನೊಬ್ಬರಿಗೆ ಹೇಳಿ ಹೊಳೆಯನ್ನು ಕಾಪಾಡಿಕೊಳ್ಳುವುದು ಉದ್ದೇಶ. ಉದ್ದೇಶದಲ್ಲಿ ಹುಳುಕಿರಲಿಲ್ಲ. ಜಾಗ ಕೂಡ್ಲಿಗಿ. ಹೊಳೆಯ ಬಗ್ಗೆ ಮಾತಾಡಲು ಹೊಳೆಯೇ ಇಲ್ಲದ ಊರನ್ನು ಆರಿಸಿದೆವು, ಹೆದ್ದಾರಿಯ ಮೇಲಿದೆ, ಬಸ್ಸು ಸಿಗುತ್ತದೆ ಎಂದು. ಹಿರಿಯ ಗೇಜ್ ರೀಡರುಗಳಿಗೆ ಸನ್ಮಾನ ಮಾಡೋಣ ಎಂದವಳು ನಾನೇ. ಪಟ್ಟಿಯಲ್ಲಿ ಸುಂಕಪ್ಪ, ಹಲವಾಗಲು ಎಂದು ಬರೆದವಳೂ ನಾನೇ.

ಅದೇ ವಾರ ನಾನು ನನ್ನ ಭಾಷಣ ತಯಾರಿಸುತ್ತಿದ್ದೆ. ಕಂಪ್ಯೂಟರಿನಲ್ಲಿ ಊರುಗಳಿಗೆ ಹೆಸರಿಲ್ಲ, ನಂಬರು. ಹದಿನೇಳನೇ ನಂಬರಿನ ನೀರಿನ ಮಟ್ಟದ ಗೆರೆ ನೋಡಿದರೆ ಯಂತ್ರ ಬಂದ ದಿನ ಹೊಳೆ ಒಮ್ಮೆಲೇ ಇಪ್ಪತ್ತು ಸೆಂಟಿಮೀಟರ್ ಕೆಳಗೆ ಬಿದ್ದಿತ್ತು. ಹೊಳೆ ಹಾಗೆ ಬೀಳುವುದಿಲ್ಲ. ಯಂತ್ರ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ನನ್ನದು. ಉಳಿದವರು ಯಾರು? ಓದಿದ ಮನುಷ್ಯ. ಹದಿನೇಳು ಅಂದರೆ ಹಲವಾಗಲು ಎಂದು ನನಗೆ ಗೊತ್ತಿತ್ತು. ಹಲವಾಗಲಿನಿಂದ ಯಾರು ಬರುತ್ತಾರೆಂದೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಲಿಲ್ಲ, ಒಂದು ಫೋನು ಮಾಡಲಿಲ್ಲ.

ಸುಂಕಪ್ಪನವರು ಮಗಳು ಕೋಮಲಾಳ ಜೊತೆ ಬಂದರು. ಕೋಮಲಾ ಕೂಡ್ಲಿಗಿಯಲ್ಲೇ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ, ಅರ್ಧ ದಿನ ರಜೆ ಹಾಕಿದ್ದಳು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಮುಂದಿನ ಸಾಲಿನಲ್ಲಿ ಕೂತು, ಬೆಳಗಿನ ಎಲ್ಲ ಭಾಷಣಗಳನ್ನೂ ಕೈ ಕಟ್ಟಿಕೊಂಡು ಕೇಳಿದರು. ಕಾರ್ಯಕ್ರಮದಲ್ಲಿ ಅವರಿಗೆ ಐದು ನಿಮಿಷ ಮಾತಿಗೆ ಇತ್ತು. ಅತಿಥಿಗಳ ಹಾರ ತುರಾಯಿ ಮುಗಿಯುವ ಹೊತ್ತಿಗೆ ಆ ಐದು ನಿಮಿಷ ಉಳಿದಿರಲಿಲ್ಲ. ಶಾಲು ಹೊದೆಸಿ, ಫೋಟೊ ತೆಗೆದು, ಕೆಳಗೆ ಕಳಿಸಿದರು. ಆಮೇಲೆ ನನ್ನ ಸರದಿ.

ಗೋಡೆಯ ಮೇಲೆ ಹದಿನೇಳನೇ ನಂಬರಿನ ಗೆರೆ ಮೂಡಿತು. ಈಗಿನ ಕಂಬ ನಿಂತ ಮೇಲಿನ ಹದಿನೆಂಟು ವರ್ಷದ ಅಂಕಿಗಳನ್ನು ಕೈಬಿಡಬೇಕಾಗುತ್ತದೆ ಅಂದೆ. ಸಭೆ ತೂಕಡಿಸುತ್ತಿತ್ತು. ಎಚ್ಚರಿಸೋಣ ಎಂದು ನಗುತ್ತಾ ಹೇಳಿದೆ: "ಯಂತ್ರ ಹೊಳೆಯ ದಡದಲ್ಲಿ ನಿಂತು ಓದುತ್ತದೆ. ನಮ್ಮ ಹಿಂದಿನವರು ಮನೆಯಲ್ಲಿ ಕೂತು, ಚಾ ಕುಡಿಯುತ್ತಾ ಓದುತ್ತಿದ್ದರು ಅಂತ ಕಾಣುತ್ತೆ."

ಸಭೆ ನಕ್ಕಿತು. ನಿಜಕ್ಕೂ ಚೆನ್ನಾಗಿ ನಕ್ಕಿತು. ನನಗೆ ಖುಷಿಯೂ ಆಯಿತು ಎಂದು ಹೇಳಲು ಇವತ್ತು ನಾಚಿಕೆಯಾಗುತ್ತದೆ.

ಮುಂದಿನ ಸಾಲಿನಲ್ಲಿ ಸುಂಕಪ್ಪನವರು ಎದ್ದು ನಿಂತರು. ಶಾಲು ಹೆಗಲ ಮೇಲೇ ಇತ್ತು. "ಮೇಡಂ, ಅದು ಕೂಡ್ಸಿದ್ದು" ಅಂದರು. ಮೈಕಿಲ್ಲದ ಮಾತು ಮೂರನೇ ಸಾಲಿಗೂ ಕೇಳಿರಲಿಕ್ಕಿಲ್ಲ. ನಿರೂಪಣೆ ಮಾಡುತ್ತಿದ್ದ ನಮ್ಮ ಕಚೇರಿಯ ಭೀಮೇಶ್, "ಯಜಮಾನ್ರ, ಕುಂದ್ರಿ. ಪ್ರಶ್ನಿ ಎಲ್ಲಾ ಕೊನಿಗಿ" ಅಂದ. ಅವರು ಕೂತರು. ಕೊನೆಗೆ ಪ್ರಶ್ನೆಗಳಿರಲಿಲ್ಲ, ವಂದನಾರ್ಪಣೆ ಇತ್ತು, ಊಟ ಇತ್ತು.

ಊಟದ ಸಾಲಿನಲ್ಲಿದ್ದ ನನ್ನ ಹತ್ತಿರ ಕೋಮಲಾ ಬಂದಳು. ಕಣ್ಣು ಕೆಂಪಾಗಿತ್ತು, ಮಾತು ಮಾತ್ರ ಗಟ್ಟಿ ಇತ್ತು.

"ಮೇಡಂ, ನಮ್ಮಪ್ಪ ಊಟ ಮಾಡದ ಬಸ್‌ಸ್ಟ್ಯಾಂಡಿಗೆ ಹೋಗ್ಯಾನ. ನನಗ ಎಂಟಕ್ಕ ಮನಿಯಾಗ ಒಂದಿನ ಅಪ್ಪನ ಮುಖ ಕಂಡಿಲ್ಲ. ಸಾಲಿಗಿ ಕಳಸಾಕ ಸೈತ ಬಂದವನಲ್ಲ. ಅಂಥವನ್ನ ಮನಿಯಾಗ ಕುಂತು ಬರದಾನ ಅಂದ್ರಿ. ಬಂದು ಅವನ ಎರಡು ಮಾತು ಕೇಳ್ರಿ."

ತಟ್ಟೆ ಇಟ್ಟು ಹೋದೆ. ಹರಪನಹಳ್ಳಿ ಬಸ್ಸು ಬರುವ ಕಡೆ ಕಲ್ಲಿನ ಬೆಂಚಿನ ಮೇಲೆ ಅವರು ಕೂತಿದ್ದರು. ನನ್ನನ್ನು ಕಂಡು ಎದ್ದರು. ನಾನು ಬೇಡವೆಂದರೂ ನಿಂತೇ ಇದ್ದರು. ಕೋಪವಿರಲಿಲ್ಲ. ಕೋಪ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಗುತ್ತಿಗೆದಾರ, ಕೋಣಬಂಡೆ, ಸಾಹೇಬರ ಮಾತು ಎಲ್ಲವನ್ನೂ ಸಾವಕಾಶ ಹೇಳಿದರು.

"ಸಾಹೇಬ್ರು ಬರೆದು ಕೊಟ್ಟಿದ್ರಾ?" ಎಂದು ಕೇಳಿದೆ. ಆಗಲೂ ನಾನು ಕೇಳಿದ್ದು ಕಾಗದವನ್ನೇ.

"ಹೇಳ್ಯಾರ್ರಿ. ಹೇಳಿದ್ ಮ್ಯಾಲ ಬರಿಯೋದು ಯಾತಕ್ಕ ಅಂದ್ಕಂಡೆ. ನನ್ನ ತಪ್ಪೂ ಐತಿ." ಬಸ್ಸು ಬಂತೇ ಎಂದು ರಸ್ತೆ ನೋಡಿದರು. "ನನ್ನ ಮರ್ಯಾದಿ ಮಾತು ಬಿಡ್ರಿ ಮೇಡಂ. ಯಂತ್ರ ಗೇಣು ಕಮ್ಮಿ ಹೇಳಾಕತ್ತೈತಿ. ನೆರಿ ಬಂದಾಗ ಎಚ್ಚರಿಕಿ ತಡಾ ಆಕ್ಕೈತಿ. ಹೊಳಿ ದಂಡಿಗಿ ಮನಿ ಅದಾವು."

ನೆರೆಗೆ ಮುಂಚಿನ ಹಳೆಯ ಪುಸ್ತಕಗಳಲ್ಲಿ ಷರಾ ಬರೆಯುವ ಜಾಗದಲ್ಲಿ ಕೋಣಬಂಡೆ ಮುಳುಗಿತು ಎಂದು ತಾವು ಬರೆದದ್ದು ಇದೆ, ಪಕ್ಕದಲ್ಲಿ ನಾಲ್ಕು ಇಪ್ಪತ್ತು ಎಂದು ಇದೆ, ನೋಡಿ ಅಂದರು. ಈಗ ಬಂಡೆ ಮುಳುಗುವಾಗ ಕಂಬ ಎಷ್ಟು ತೋರಿಸುತ್ತದೆ ಎಂದು ಕಣ್ಣಾರೆ ಕಂಡರೆ ಸಾಕು. ಬಂಡೆಯ ಎತ್ತರ, ಕಂಬದ ಎತ್ತರ ತಾಳೆ ಹಾಕಲು ಮಟ್ಟ ನೋಡುವ ಯಂತ್ರ ತರುತ್ತೇನೆ, ಅರ್ಧ ಗಂಟೆಯ ಕೆಲಸ ಅಂದೆ.

"ಯಂತ್ರನೂ ತರ್ರಿ, ಬ್ಯಾಡ ಅನ್ನಂಗಿಲ್ಲ. ನೀರು ಬಂದಾಗೂ ಬರ್ರಿ. ನೀರಿಗಿಂತ ಸಪಾಟ ಯಾವ ಯಂತ್ರ ಐತಿ? ನೀರು ಏರಿದ ದಿನ ನಾ ಫೋನ್ ಮಾಡ್ತೀನಿ."

ಬರುತ್ತೇನೆ ಅಂದೆ. ಬಸ್ಸು ಬಂತು. ಹತ್ತುವ ಮುಂಚೆ ಅವರು, "ಬರ್ತೀರಲ್ರಿ?" ಎಂದು ಇನ್ನೊಮ್ಮೆ ಕೇಳಿದರು. ಖಂಡಿತ ಎಂದೆ.

ಹಳೆಯ ಪುಸ್ತಕ ತೆಗೆಸಿ ನೋಡಿದೆ. ಷರಾ ಮೂರು ಕಡೆ ಇತ್ತು, ಅಕ್ಷರ ಮುತ್ತಿನಂತಿತ್ತು. ಮಟ್ಟ ನೋಡುವ ಯಂತ್ರ ಮಾರ್ಚಿನಲ್ಲಿ ಬೇರೆ ಉಪವಿಭಾಗಕ್ಕೆ ಹೋಗಿತ್ತು. ಏಪ್ರಿಲಿನಲ್ಲಿ ಬಂತು. ಆಗ ನನಗೆ ತರಬೇತಿ ಇತ್ತು. ಮೇನಲ್ಲಿ ತಂಗಿಯ ಮದುವೆ. ಹರಪನಹಳ್ಳಿಯಿಂದ ಹಲವಾಗಲು ಏನು ಕಾಶಿಯೇ? ಹೋಗಲಿಲ್ಲ ಅಷ್ಟೆ. ಅವರಿಗಾದ ನೋವು ನನಗೆ ತಟ್ಟಿತ್ತು, ಆದರೆ ತಟ್ಟಿದ್ದು ಕಾಲಿನವರೆಗೆ ಇಳಿಯಲಿಲ್ಲ.

ಜುಲೈಯಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ಆ ದಿನ ನಾನು ಹೊಸಪೇಟೆಯಲ್ಲಿ ಒಂದು ಸಭೆಯಲ್ಲಿದ್ದೆ. ವಿಷಯ, ಸ್ಥಳೀಯ ಜ್ಞಾನವನ್ನು ದಾಖಲಿಸುವುದು ಹೇಗೆ. ಫೋನಿನ ಸದ್ದು ತೆಗೆದಿಟ್ಟಿದ್ದೆ. ಮಧ್ಯಾಹ್ನ ನೋಡಿದರೆ ಸುಂಕಪ್ಪನವರ ನಾಲ್ಕು ಕರೆ. ವಾಪಸು ಮಾಡಿದಾಗ ಸಂಜೆ ಐದು.

"ಇಳೀತ್ರಿ ಮೇಡಂ," ಅಂದರು. "ಹನ್ನೊಂದಕ್ಕ ಕೋಣನ ಬೆನ್ನು ಮುಚ್ಚಿತ್ತು. ನಾ ನೋಡಿದ್ರ ಏನು ಬಂತು, ನೀವು ನೋಡ್ಬೇಕಿತ್ತು. ಇರ್ಲಿ ಬಿಡ್ರಿ, ಹೊಳಿ ಎಲ್ಲಿಗಿ ಹೊಕ್ಕೈತಿ. ಮತ್ತ ಬರ್ತತಿ."

ಬೆಳಿಗ್ಗೆ ಎಂಟರಿಂದ ಸಂಜೆಯವರೆಗೆ ಅವರು ದಡದಲ್ಲೇ ಇದ್ದರು ಎಂದು ಮಾಳಮ್ಮ ಆಮೇಲೆ ಹೇಳಿದರು. ಊಟಕ್ಕೆ ಕರೆದರೆ, ಮೇಡಂ ಬಂದರೆ ನಾನು ಇರಬೇಕಲ್ಲ ಅಂದರಂತೆ.

ಸೆಪ್ಟೆಂಬರಿನಲ್ಲಿ ನೀರು ಮತ್ತೆ ಏರುತ್ತಿರುವುದು ಬೆಳಿಗ್ಗೆ ಕಚೇರಿಯ ಪರದೆಯ ಮೇಲೆ ಕಂಡಿತು. ಈ ಸಲ ನಾನೇ ಫೋನು ಮಾಡಿದೆ. ಎತ್ತಿದವಳು ಕೋಮಲಾ.

"ಅಪ್ಪ ಹೋಗಿ ಹನ್ನೆರಡು ದಿನ ಆತ್ರಿ ಮೇಡಂ. ಮಲಗಿದಾಂವ ಏಳಲಿಲ್ಲ."

ಅವಳೇ, "ನೀರು ಬಂದೈತಿ. ಬರ್ತೀರಾ?" ಎಂದು ಕೇಳಿದಳು. ಅಪ್ಪನ ದನಿಯಲ್ಲೇ ಕೇಳಿದಳು.

ಹೋದೆ. ಒಂದು ಗಂಟೆಯ ದಾರಿ ಅದು, ಏಳು ತಿಂಗಳು ತೆಗೆದುಕೊಂಡೆ. ಹೊಸಿಲು ದಾಟಿ ಮಾಳಮ್ಮನವರ ಕೈ ಹಿಡಿದೆ. ಗೋಡೆಯ ಮೇಲೆ ಬುದ್ಧನ ಪಟದ ಕೆಳಗೆ ಸುಂಕಪ್ಪನವರ ಫೋಟೊ ಇತ್ತು. ನಾವು ಕೂಡ್ಲಿಗಿಯಲ್ಲಿ ಶಾಲು ಹೊದೆಸಿ ತೆಗೆದ ಫೋಟೊವೇ. ಅವರದೆಂದು ಇದ್ದ ಒಳ್ಳೆಯ ಫೋಟೊ ಅದೊಂದೇ ಎಂದು ಮಾಳಮ್ಮ ಅಂದರು. ನಾನು ಅತ್ತೆ. ಅವರೇ ನನ್ನ ಬೆನ್ನು ಸವರಿದರು.

ದಡದಲ್ಲಿ ನಾನು, ಕೋಮಲಾ ನಿಂತೆವು. ಕಂಬಕ್ಕೆ ಪಾಚಿ ಹಿಡಿದಿತ್ತು. ಕೋಮಲಾ ಚಪ್ಪಲಿ ಬಿಟ್ಟು ನೀರಿಗಿಳಿದು ತನ್ನ ಸೆರಗಿನಿಂದ ಗೆರೆಗಳನ್ನು ಒರೆಸಿದಳು. ಕಂದು ನೀರು ಏರುತ್ತಿತ್ತು. ಕೋಣಬಂಡೆಯ ಬೆನ್ನು ಅಂಗೈಯಷ್ಟು ಉಳಿದಿತ್ತು. ನೀರು ಒಮ್ಮೆ ದಾಟಿತು, ಹಿಂದೆ ಸರಿಯಿತು, ಮತ್ತೆ ದಾಟಿ ಅಲ್ಲೇ ನಿಂತಿತು. ಕಂಬ ನೋಡಿದೆ. ಸರಿಯಾಗಿ ನಾಲ್ಕು. ಒಂದು ಬೆರಳೂ ಆಚೀಚೆ ಇಲ್ಲ.

"ಎಷ್ಟೈತ್ರಿ?" ಕೋಮಲಾ ಕೇಳಿದಳು.

"ನಾಲ್ಕು."

"ಅಂದ್ರ ಅಪ್ಪ ಕೂಡ್ಸಿದ್ದು ಖರೆ ಇತ್ತು."

"ಖರೆ ಇತ್ತು ಕೋಮಲಾ."

ಅವಳು ಅಳಲಿಲ್ಲ. ಮುಳುಗಿದ ಬಂಡೆಯ ಕಡೆಯೇ ನೋಡುತ್ತಾ, "ಇದನ್ನ ನನಗ ಹೇಳಬ್ಯಾಡ್ರಿ. ಅವತ್ತು ನಕ್ರಲ್ಲ, ಆ ಮಂದಿ ಮುಂದ ಹೇಳ್ರಿ" ಅಂದಳು.

ಮರುದಿನವೇ ವರದಿ ಬರೆದೆ. ಯಂತ್ರಕ್ಕೆ ಇಪ್ಪತ್ತು ಕೂಡಿಸಿದರು, ಎಚ್ಚರಿಕೆಯ ಮಟ್ಟ ಸರಿಯಾಯಿತು. ಹದಿನೆಂಟು ವರ್ಷದ ಅಂಕಿಗಳು ವಾಪಸು ಬಂದವು. ದೋಷ ಕಂಡುಹಿಡಿದವರು ಯಾರು ಎಂದು ಕಂಪ್ಯೂಟರ್ ಕೇಳಿತು. ಸುಂಕಪ್ಪ ಎಂದು ಹಾಕಿದೆ. ನೌಕರರ ನಂಬರು ಕೇಳಿತು. ದಿನಗೂಲಿಯವರಿಗೆ ನಂಬರು ಎಲ್ಲಿಂದ ಬರಬೇಕು? ನನ್ನ ಮೇಲಧಿಕಾರಿ ಗುರುಬಸವರಾಜ ಸರ್, "ನಿಮ್ದ ಹಾಕ್ರಿ, ಕೆಲಸ ಮುಂದ ಹೋಗ್ಲಿ" ಅಂದರು. ಹಾಕಿದೆ. ಎಚ್ಚರಿಕೆ ತಡವಾಗಬಾರದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಹೌದು. ಆದರೆ ಅವತ್ತಿನಿಂದ ಅಲ್ಲಿ ಆ ಇಪ್ಪತ್ತು ನನ್ನ ಹೆಸರಿನಲ್ಲಿದೆ.

ಈ ವರ್ಷದ ಸಮಾವೇಶ ಹಗರಿಬೊಮ್ಮನಹಳ್ಳಿಯಲ್ಲಿ ಆಯಿತು. ಕಾಡಿ ಬೇಡಿ ಏಳು ನಿಮಿಷ ಪಡೆದೆ. ಕೋಮಲಾಳಿಗೆ ತಿಳಿಸಿದೆ, ರಜೆ ಹಾಕಿ ಬಂದು ಕೊನೆಯ ಸಾಲಿನಲ್ಲಿ ಕೂತಳು. ಹದಿನೇಳನೇ ನಂಬರು ಅನ್ನದೆ ಹಲವಾಗಲು ಅಂದೆ. ಅದೇ ಗೆರೆ ತೋರಿಸಿ, ಕಳೆದ ವರ್ಷ ಇದೇ ಸಮಾವೇಶದಲ್ಲಿ ನಾನು ಸುಂಕಪ್ಪನವರನ್ನು ಹಾಸ್ಯ ಮಾಡಿದೆ, ಸಭೆ ನಕ್ಕಿತು, ಅವರು ಸರಿ ಇದ್ದರು, ತಪ್ಪು ನನ್ನದು ಅಂದೆ. ಮೂವತ್ತೊಂದು ವರ್ಷದ ಕೆಲಸ, ತೆಂಗಿನ ನಾರು, ಕೋಣಬಂಡೆ, ನಾಲ್ಕು ಕರೆ, ಒಂದನ್ನೂ ಬಿಡದೆ ಹೇಳಿದೆ. ಜೋರಾಗಿ ಚಪ್ಪಾಳೆ ಬಿತ್ತು. ಗುರುಬಸವರಾಜ ಸರ್ ಮೈಕು ತೆಗೆದುಕೊಂಡು, ಅರ್ಚನಾ ಅವರ ಸೂಕ್ಷ್ಮ ದೃಷ್ಟಿಯಿಂದ ಹದಿನೆಂಟು ವರ್ಷದ ಮಾಹಿತಿ ಉಳಿಯಿತು ಅಂದರು. ಮತ್ತೆ ಚಪ್ಪಾಳೆ.

ಊಟದ ಹೊತ್ತಿಗೆ ಕೋಮಲಾಳನ್ನು ಹುಡುಕಿಕೊಂಡು ಹೋದೆ. ಅವಳು ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದಳು. ಪಕ್ಕದಲ್ಲಿ ಇಬ್ಬರು ಹೊಸ ಎಂಜಿನಿಯರರು, ಆ ಸುಂಕಪ್ಪ ಯಾರು, ನಿವೃತ್ತ ಅಧಿಕಾರಿಯೇ ಎಂದು ಮಾತಾಡಿಕೊಳ್ಳುತ್ತಿದ್ದರು.

"ಮೇಡಂ, ಚಲೋ ಹೇಳಿದ್ರಿ," ಅಂದಳು. ಆಮೇಲೆ ಕೇಳಿದಳು. "ಅವತ್ತು ಕೂಡ್ಲಿಗ್ಯಾಗ ನಕ್ಕ ಮಂದಿ, ಇವತ್ತು ಇಲ್ಲಿ ಎಷ್ಟು ಜನ ಇದ್ರು?"

ಅದನ್ನು ನಾನು ಯೋಚಿಸಿರಲಿಲ್ಲ. ಮನಸ್ಸಿನಲ್ಲೇ ಸಾಲು ಸಾಲಾಗಿ ನೋಡುತ್ತಾ ಹೋದೆ. ಕಾಲುವೆಯವರು ಬೇರೆಯವರು, ಅಧ್ಯಾಪಕರು ಬೇರೆಯವರು, ಅತಿಥಿಗಳು ಬೇರೆಯವರು. ಅಧಿಕಾರಿಗಳಿಗೆಲ್ಲ ವರ್ಗವಾಗಿತ್ತು. ಗುರುಬಸವರಾಜ ಸರ್ ಕೂಡ ಅವತ್ತು ಇರಲಿಲ್ಲ, ಆಮೇಲೆ ಬಂದವರು. ಅವತ್ತು ನಕ್ಕು ಮನೆಗೆ ಹೋದ ಅಷ್ಟೂ ಮಂದಿಗೆ ಹಲವಾಗಲಿನ ಗೇಜ್ ರೀಡರ್ ಇವತ್ತಿಗೂ ಮನೆಯಲ್ಲಿ ಕೂತು ಚಾ ಕುಡಿಯುತ್ತಾ ಬರೆದವರೇ.

"ಇಬ್ಬರು," ಅಂದೆ. "ಭೀಮೇಶ್ ಒಬ್ಬ. ನಾನೊಬ್ಬಳು."

ಕೋಮಲಾ ತಲೆಯಾಡಿಸಿದಳು. ಊಟಕ್ಕೆ ಕರೆದೆ, ಒಲ್ಲೆ ಅಂದಳು. ಚೀಲ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.